ಹಳೇ 650 ಸಿಸಿ ಬೈಕ್ ಕೊಳ್ಳುವವರೇ, ಪಿಕಪ್ ನೋಡುವ ಮೊದಲು ಚೈನ್ ಲಿಂಕ್ ಎಣಿಸಿ

ಶಿರಾಡಿ ಘಾಟಿಯಲ್ಲಿ, ಗುಂಡ್ಯ ದಾಟಿ ಮಾರನಹಳ್ಳಿ ಕಡೆಗೆ ಹತ್ತುವಾಗ ನನ್ನ ಬೈಕಿನ ಚೈನ್ ಕಿತ್ತುಹೋಯಿತು. ಮುಂದೆ ಗ್ಯಾಸ್ ಟ್ಯಾಂಕರ್, ಹಿಂದೆ ಸಾಲು ಲಾರಿ. ಟ್ಯಾಂಕರ್ ದಾಟೋಣ ಅಂತ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದೆ. ಟಕ್ ಅಂತ ಒಂದು ಸದ್ದು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ ಎರಡು ಏಟು. ಎಂಜಿನ್ ಕಿರುಚುತ್ತಿದೆ, ಬೈಕ್ ಮಾತ್ರ ಮುಂದೆ ಹೋಗುತ್ತಿಲ್ಲ. ಏರು ರಸ್ತೆ ಬೇರೆ. ಹೇಗೋ ಎಡಕ್ಕೆ ಎಳೆದುಕೊಂಡೆ. ಹಿಂದಿನ ಲಾರಿಯವನು ಹಾರ್ನ್ ಒತ್ತಿಕೊಂಡೇ ನನ್ನ ಮೊಣಕೈ ಪಕ್ಕ ದಾಟಿ ಹೋದ. ಹಿಂದಿನ ಚಕ್ರ ಲಾಕ್ ಆಗಲಿಲ್ಲ. ಆಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ.

ಬೈಕು 2011ರ ಕವಾಸಾಕಿ ನಿಂಜಾ 650ಆರ್. ಆಗ ನಮ್ಮಲ್ಲಿ ಬಜಾಜ್ ಮೂಲಕ ಮಾರುತ್ತಿದ್ದ ಮಾಡೆಲ್. 649 ಸಿಸಿ, ಎರಡು ಸಿಲಿಂಡರ್, 72 ಪಿಎಸ್ ಪವರ್, 66 ಎನ್ಎಂ ಟಾರ್ಕ್, 204 ಕೆಜಿ ತೂಕ. ಬೈಕಿನ ಮೇಲೆ ನನಗೆ ಒಂದು ಚೂರೂ ಕೋಪ ಇಲ್ಲ. ಈಗಲೂ ಅದನ್ನೇ ಓಡಿಸುತ್ತಿದ್ದೇನೆ. ಕೋಪ ಇರುವುದು ಬೆಂಗಳೂರಿನ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಅಂಗಡಿಯ ಮೇಲೆ. ಅದರ ಹೆಸರು ಬೇಡ. ಅರ್ಧ ಕೋಪ ನನ್ನ ಮೇಲೂ ಇದೆ, ಅದನ್ನೂ ಹೇಳುತ್ತೇನೆ.

ಟೆಸ್ಟ್ ರೈಡ್ ದಿನ ನಾನು ಪೂರ್ತಿ ಮರುಳಾಗಿಬಿಟ್ಟೆ. ನನ್ನ ಗೆಳೆಯನ ಹತ್ತಿರ ಕವಾಸಾಕಿಯದೇ ಇಆರ್-6ಎನ್ ಇದೆ. ಅದೂ ಇದೇ 649 ಸಿಸಿ ಎಂಜಿನ್. ಅದನ್ನು ಎಷ್ಟೋ ಸಲ ಓಡಿಸಿದ್ದೆ. ಅಂಗಡಿಯ ಬೈಕು ಅದಕ್ಕಿಂತ ಚುರುಕಾಗಿತ್ತು. ಸಿಗ್ನಲ್ ಬಿಟ್ಟ ಕೂಡಲೇ ಎಳೆಯುತ್ತಿತ್ತು. ಎರಡನೇ ಗೇರಿನಲ್ಲಿ ಸ್ವಲ್ಪ ತಿರುವಿದರೂ ಬೆನ್ನಿಗೆ ಯಾರೋ ಗುದ್ದಿದ ಹಾಗೆ. ವಾಪಸ್ ಬಂದು ಹೆಲ್ಮೆಟ್ ತೆಗೆದಾಗ ನನ್ನ ಮುಖ ಹೇಗಿತ್ತೋ, ಅಂಗಡಿಯವನು ರೇಟ್ ಒಂದು ರೂಪಾಯಿ ಇಳಿಸಲಿಲ್ಲ. "ಹಳೇ ಓನರ್ ಮೇಂಟೇನೆನ್ಸ್ ಹಂಗಿತ್ತು ಸಾರ್" ಅಂದ. ಒಂದೇ ಎಂಜಿನ್, ಒಂದೇ ಪವರ್, ಅದರಲ್ಲೂ ಇದು ಇನ್ನೂ ಹಳೇ ಬೈಕು. ಅದು ಹೇಗೆ ಜಾಸ್ತಿ ಎಳೆಯುತ್ತೆ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ.

ಹೊಸ ಚೈನ್ ಅಂತಲೂ ಅಂಗಡಿಯವನು ಹೇಳಿದ್ದ. ನಾನು ಚೈನ್ ನೋಡಲಿಲ್ಲ ಅಂತಲ್ಲ, ನೋಡಿದ್ದೆ. ಕಪ್ಪಗೆ ಎಣ್ಣೆ ಸುರಿದು ಮಿರಮಿರ ಮಿಂಚುತ್ತಿತ್ತು. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೆ ಚೈನ್ ಅಡ್ಜಸ್ಟರ್ ಪಕ್ಕ ಗೆರೆಗಳಿರುತ್ತವಲ್ಲ, ಅದರಲ್ಲಿ ಚಕ್ರ ಮುಂದಿನ ಗೆರೆಗಳ ಹತ್ತಿರವೇ ಇತ್ತು. ಚೈನ್ ಹಳೆಯದಾದರೆ ಉದ್ದ ಆಗುತ್ತೆ, ಚಕ್ರ ಹಿಂದಕ್ಕೆ ಹೋಗುತ್ತೆ ಅನ್ನುವಷ್ಟು ನನಗೆ ಗೊತ್ತಿತ್ತು. ಚಕ್ರ ಮುಂದಿದೆ, ಅಂದರೆ ಚೈನ್ ಹೊಸದು ಅಂತ ಲೆಕ್ಕ ಹಾಕಿದೆ. ಬುದ್ಧಿವಂತ ಅಂತ ಒಳಗೊಳಗೇ ಬೀಗಿದ್ದೂ ಉಂಟು.

ಒಂದು ಭಾನುವಾರ ಚನ್ನರಾಯಪಟ್ಟಣದ ಕಡೆ ಹೆದ್ದಾರಿಯಲ್ಲಿ ನಾವು ಮೂವರು ಹೋಗಿದ್ದೆವು. ನನ್ನದು, ಗೆಳೆಯನ ಇಆರ್-6ಎನ್, ಇನ್ನೊಬ್ಬನ ಹಾರ್ಲಿ ಸ್ಟ್ರೀಟ್ 750. ಖಾಲಿ ರಸ್ತೆಯಲ್ಲಿ 60 ಕಿಮೀ ವೇಗದಿಂದ ಆಕ್ಸಿಲರೇಟರ್ ಪೂರ್ತಿ ತಿರುವಿ ನೋಡಿದೆವು. ಮೊದಲು ನಾನೇ ಮುಂದೆ. ಹಾರ್ಲಿ ಎಂಜಿನ್ ನಿಧಾನ ತಿರುಗುವಾಗ, ಅಂದರೆ ಕೆಳಗಿನ ಆರ್‌ಪಿಎಂನಲ್ಲಿ ಚೆನ್ನಾಗಿ ಎಳೆದರೂ ತೂಕ ಜಾಸ್ತಿ, ಹಿಂದೆ ಉಳಿಯಿತು. ವೇಗ ಏರುತ್ತಾ ಹೋದ ಹಾಗೆ ಇಆರ್-6ಎನ್ ನನ್ನನ್ನು ಹಿಡಿಯಿತು. ಆಮೇಲೆ ಟೀ ಕುಡಿಯುವಾಗ ಗೆಳೆಯ ಕೇಳಿದ, "ನಿನ್ ಬೈಕು ಯಾಕೋ ಜಾಸ್ತಿ ಕೂಗುತ್ತಲ್ಲೋ?" ಮೊಬೈಲ್ ಜಿಪಿಎಸ್ ಇಟ್ಟು ನೋಡಿದರೆ, ಆರನೇ ಗೇರಿನಲ್ಲಿ 100 ಕಿಮೀ ವೇಗಕ್ಕೆ ಅವನದು ಸುಮಾರು 4,700 ಆರ್‌ಪಿಎಂ, ನನ್ನದು 5,000 ದಾಟಿತ್ತು. ಮೀಟರ್ ತಪ್ಪು ತೋರಿಸುತ್ತಿರಬೇಕು ಅಂತ ನಾನು ಅಲ್ಲಿಗೇ ಬಿಟ್ಟೆ. ಹಾರ್ಲಿಗೆ ಚೈನ್ ಬದಲು ಬೆಲ್ಟ್. ಅದರ ಓನರ್ ಅವತ್ತೂ ತನ್ನ ಬೆಲ್ಟ್ ಪುರಾಣ ಶುರು ಮಾಡಿದ. ಎಣ್ಣೆ ಬೇಡ, ಬ್ರಶ್ ಬೇಡ, ಭಾನುವಾರ ಬೆಳಿಗ್ಗೆ ಮಲಗಬಹುದು ಅಂತ. ಆಗ ನಗು ಬಂದಿತ್ತು.

ಅಲ್ಲಿಂದ ಮುಂದೆ ಚೈನ್ ನನಗೆ ಸಾಕಷ್ಟು ಸುಳಿವು ಕೊಟ್ಟಿತು. ಬೈಕ್ ತಳ್ಳಿಕೊಂಡು ಹೋದರೆ ಟಿಕ್ ಟಿಕ್ ಸದ್ದು. ಒಂದು ಜಾಗದಲ್ಲಿ ಚೈನ್ ಟೈಟ್, ಚಕ್ರ ಅರ್ಧ ಸುತ್ತು ತಿರುಗಿಸಿದರೆ ಲೂಸ್. ಟ್ರಾಫಿಕ್ಕಿನಲ್ಲಿ ಆಕ್ಸಿಲರೇಟರ್ ಬಿಟ್ಟು ಹಿಡಿದರೆ ಜರ್ಕ್. ಪಿನ್ನುಗಳ ಸುತ್ತ ಕೆಂಪು ಪುಡಿ. ಅದು ತುಕ್ಕು. ಗ್ರೀಸ್ ಹಿಡಿದಿಡುವ ಒಳಗಿನ ರಬ್ಬರ್ ಬಳೆ, ಅಂದರೆ ಓ-ರಿಂಗ್, ಹರಿದು ಗ್ರೀಸ್ ಆಚೆ ಹೋಗಿದೆ ಅಂತ ಅದರ ಅರ್ಥ. ಕೊಂಡ ಮೇಲೆ 1,100 ಕಿಮೀ ಒಳಗೆ ಎರಡು ಸಲ ಚೈನ್ ಟೈಟ್ ಮಾಡಿದ್ದೆ. ಒಳ್ಳೆಯ ಚೈನ್ ಅಷ್ಟು ಬೇಗ ಸಡಿಲ ಆಗುವುದೇ ಇಲ್ಲ.

ಈಗ ಘಾಟಿಗೆ ವಾಪಸ್. ಮೊಬೈಲ್ ಸಿಗ್ನಲ್‌ಗಾಗಿ ಅರ್ಧ ಗಂಟೆ ಓಡಾಡಿ, ಕೊನೆಗೆ ಒಂದು ಪಿಕಪ್ ಗಾಡಿ ಸಿಕ್ಕಿತು. ಹಾಸನಕ್ಕೆ ನಾಲ್ಕೂವರೆ ಸಾವಿರ ಬಾಡಿಗೆ. ಗಾಡಿಗೆ ಹತ್ತಿಸುವ ಮೊದಲು ರಸ್ತೆಯಲ್ಲಿ ಹಿಂದೆ ನಡೆದು ಚೈನ್ ಹುಡುಕಿ ತಂದೆ. ಅದನ್ನು ಎತ್ತಿಕೊಂಡು ಬಂದದ್ದೇ ಒಳ್ಳೆಯದಾಯಿತು.

ಹಾಸನದಲ್ಲಿ ನಮಗೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರಿದ್ದಾರೆ, ವಯಸ್ಸಾದವರು. ಚೈನ್ ಕೂರುವ ಹಲ್ಲಿನ ಚಕ್ರಕ್ಕೆ ಸ್ಪ್ರಾಕೆಟ್ ಅನ್ನುತ್ತಾರೆ. ಒಡೆದುಹೋದ ಮುಂದಿನ ಸ್ಪ್ರಾಕೆಟ್ ಕವರ್ ಬಿಚ್ಚಿದರು. ಒಳಗೆ ಎಂಜಿನ್ ಕೇಸ್‌ಗೆ ಗೀರು ಬಿದ್ದಿತ್ತು, ಬಿರುಕು ಬಿಟ್ಟಿರಲಿಲ್ಲ. ಕಿತ್ತ ಚೈನ್ ಅಲ್ಲೇ ಸುತ್ತಿಕೊಂಡು ಕೇಸ್ ಒಡೆದ ಬೈಕುಗಳನ್ನು ಅವರು ನೋಡಿದ್ದಾರಂತೆ. ಸ್ಪ್ರಾಕೆಟ್ ಹಲ್ಲು ಬೆರಳಲ್ಲಿ ಎಣಿಸಿದರು. "ಹದಿನಾಲ್ಕು" ಅಂದರು. ಈ ಬೈಕಿಗೆ ಕಂಪನಿಯಿಂದ ಬರುವುದು ಮುಂದೆ 15, ಹಿಂದೆ 46. ಆಮೇಲೆ ಚೈನನ್ನು ನೆಲದ ಮೇಲೆ ಉದ್ದಕ್ಕೆ ಹಾಸಿದರು. ಎಣಿಸಿದರು, ಇನ್ನೊಂದು ಸಲ ಎಣಿಸಿದರು. "ಇದ್ರಲ್ಲಿ ಎರಡು ಲಿಂಕ್ ಕಡಿಮೆ ಇದೆ ನೋಡಪ್ಪಾ. ಕಟ್ ಮಾಡಿ ಲಾಕ್ ಹಾಕವ್ರೆ."

ಅಲ್ಲಿಗೆ ಎಲ್ಲ ಅರ್ಥ ಆಯಿತು. ಈ ಚೈನಿನ ನಂಬರ್ 520. ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ 15.875 ಮಿಲಿಮೀಟರ್, ಅಂದರೆ ಇಂಚಿನ ಎಂಟರಲ್ಲಿ ಐದು ಭಾಗ. ಹೊಸ ಚೈನಿನಲ್ಲಿ 20 ಲಿಂಕ್ ಅಳೆದರೆ 317.5 ಬರಬೇಕು. ನನ್ನದು ಎಳೆದು ಹಿಡಿದಾಗ 322 ಇತ್ತು. ಇಪ್ಪತ್ತಕ್ಕೆ ನಾಲ್ಕೂವರೆ ಮಿಲಿಮೀಟರ್ ಅಂದರೆ ಸಣ್ಣದು ಅನ್ನಿಸುತ್ತೆ. ಇಡೀ ಚೈನಿಗೆ ಅದು 25 ಮಿಲಿಮೀಟರ್! ಅಷ್ಟು ಜಗ್ಗಿದ ಚೈನ್ ಇದ್ದರೆ ಚಕ್ರ ಅಡ್ಜಸ್ಟರ್‌ನ ಕೊನೆಯ ಗೆರೆಗೆ ಹೋಗಿರಬೇಕು, ನೋಡಿದವರಿಗೆಲ್ಲ ಗೊತ್ತಾಗಬೇಕು. ಗೊತ್ತಾಗಬಾರದು ಅಂತಲೇ ಎರಡು ಲಿಂಕ್ ಕತ್ತರಿಸಿ, ಉಳಿದದ್ದನ್ನು ಕ್ಲಿಪ್ ಇರುವ ಚೈನ್ ಲಾಕ್‌ನಿಂದ ಜೋಡಿಸಿದ್ದರು. ಚೈನ್ ಮೇಲೊಂದು, ಕೆಳಗೊಂದು ಸಾಲಾಗಿ ಓಡುವುದರಿಂದ, ಕತ್ತರಿಸಿದ್ದರ ಅರ್ಧದಷ್ಟು, ಸುಮಾರು 16 ಮಿಲಿಮೀಟರ್, ಚಕ್ರ ಮತ್ತೆ ಮುಂದೆ ಬಂತು. ನಾನು "ಹೊಸ ಚೈನ್" ಅಂತ ಓದಿಕೊಂಡ ಗೆರೆ ಅದೇ. 100 ಸಿಸಿ ಬೈಕಿಗೆ, ಮೊಪೆಡ್ಡಿಗೆ ಚೈನ್ ಕಟ್ ಮಾಡಿಸುವುದು ನಾವೆಲ್ಲ ನೋಡಿರುವ ಕೆಲಸವೇ. 66 ಎನ್ಎಂ ಟಾರ್ಕ್ ಇರುವ ಬೈಕಿಗೆ, ಸವೆದ ಚೈನಿಗೆ ಹೀಗೆ ಮಾಡುವುದು ಬೇರೆ ವಿಷಯ. ಇಂಥ ಬೈಕಿಗೆ ಪಿನ್ ತಲೆ ಅಗಲ ಮಾಡಿ ಒತ್ತುವ ರಿವೆಟ್ ಲಿಂಕ್ ಹಾಕಬೇಕು. ನನ್ನ ಬೈಕಿನ ಕ್ಲಿಪ್ ಘಾಟಿಯಲ್ಲೆಲ್ಲೋ ಉಳಿಯಿತು. ಆ ಲಾಕಿನ ಪ್ಲೇಟೂ ಸಿಗಲಿಲ್ಲ.

ಪಿಕಪ್ ರಹಸ್ಯವೂ ಇಷ್ಟೇ. ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿದರೆ ಗೇರಿಂಗ್ ಸುಮಾರು 7 ಪರ್ಸೆಂಟ್ ಗಿಡ್ಡ ಆಗುತ್ತೆ, ಅಂದರೆ ಅದೇ ವೇಗಕ್ಕೆ ಎಂಜಿನ್ ಅಷ್ಟು ಜಾಸ್ತಿ ತಿರುಗಬೇಕು. ಕೆಳಗಿನ ವೇಗದಲ್ಲಿ ಬೈಕು ಚುರುಕು ಅನ್ನಿಸುತ್ತೆ, ಹೆದ್ದಾರಿಯಲ್ಲಿ ಎಂಜಿನ್ ಕೂಗುತ್ತೆ. 4,700ಕ್ಕೆ 7 ಪರ್ಸೆಂಟ್ ಸೇರಿಸಿ ನೋಡಿ, ಅವತ್ತು ಜಿಪಿಎಸ್ ಇಟ್ಟು ನೋಡಿದ ಲೆಕ್ಕ ಸರಿಯಾಗಿ ಬರುತ್ತೆ. ಎಂಜಿನ್‌ಗೆ ಒಂದು ಪಿಎಸ್ಸೂ ಜಾಸ್ತಿ ಬಂದಿರಲಿಲ್ಲ. ಬೇಕು ಅಂತ ಹಾಗೆ ಹಾಕಿಸಿಕೊಳ್ಳುವವರೂ ಇದ್ದಾರೆ, ತಪ್ಪೇನಿಲ್ಲ. ಆದರೆ ಚಿಕ್ಕ ಸ್ಪ್ರಾಕೆಟ್ ಸುತ್ತ ಚೈನ್ ಜಾಸ್ತಿ ಬಾಗಬೇಕು, ಬೇಗ ಸವೆಯುತ್ತೆ. ಮೊದಲೇ ಸತ್ತ ಚೈನಿಗೆ ಅದು ಇನ್ನೊಂದು ಹೊರೆ.

ನನ್ನ ತಪ್ಪುಗಳೂ ಇವೆ ಅಂದೆನಲ್ಲ. ಪೆಟ್ರೋಲ್ ಹಾಕಿ ತಂತಿ ಬ್ರಶ್‌ನಿಂದ ಉಜ್ಜಿದ್ದೆ. ಪೆಟ್ರೋಲೂ ತಂತಿ ಬ್ರಶ್ಶೂ ಓ-ರಿಂಗ್‌ಗೆ ವಿಷ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತಗಿನ ಬ್ರಶ್, ಒಣ ಬಟ್ಟೆ, ಅಷ್ಟು ಸಾಕಿತ್ತು. ಆಮೇಲೆ ಎಂಜಿನ್‌ನಿಂದ ಇಳಿಸಿದ ವೇಸ್ಟ್ ಆಯಿಲ್ ಸುರಿದೆ, ನಮ್ಮ ಕಡೆ ಎಲ್ಲರೂ ಮಾಡುವುದೇ ಹಾಗೆ. ಅದು ಅರ್ಧ ಟಯರ್ ಮೇಲೆ ಹಾರಿತು, ಉಳಿದರ್ಧ ದೂಳು ಹಿಡಿದು ಉಪ್ಪುಕಾಗದದ ಕೆಲಸ ಮಾಡಿತು. ಎಲ್ಲಕ್ಕಿಂತ ದೊಡ್ಡ ತಪ್ಪು ಮಂಗಳೂರಿನಿಂದ ಹೊರಡುವ ದಿನದ್ದು. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟಿಕ್ ಟಿಕ್ ಸದ್ದು ಹೋಗಲಿ ಅಂತ, ಚೈನ್ ಅಲ್ಲಾಡದ ಹಾಗೆ ಬಿಗಿದೆ. ಬೈಕಿನ ಮೇಲೆ ಮನುಷ್ಯ ಕೂತು ಹಿಂದಿನ ಸಸ್ಪೆನ್ಷನ್ ಇಳಿದಾಗ ಚೈನ್ ಇನ್ನೂ ಬಿಗಿಯಾಗುತ್ತೆ. ನಾನು, ಎರಡು ಬ್ಯಾಗು, ಘಾಟಿಯ ಗುಂಡಿಗಳು. ಹೆಚ್ಚಿನ ರೋಡ್ ಬೈಕುಗಳಿಗೆ 25ರಿಂದ 35 ಮಿಲಿಮೀಟರ್ ಆಸುಪಾಸು ಸಡಿಲ ಬೇಕು. ಸರಿಯಾದ ಅಳತೆ ಮ್ಯಾನುಯಲ್‌ನಲ್ಲಿ ಇರುತ್ತೆ. ಅದನ್ನೂ ತೀರಾ ಟೈಟ್ ಇರುವ ಜಾಗದಲ್ಲಿ ನೋಡಬೇಕು, ಲೂಸ್ ಜಾಗದಲ್ಲಲ್ಲ. ತುಸು ಲೂಸ್ ಇದ್ದರೆ ಸದ್ದು ಮಾಡುತ್ತೆ. ಅತಿ ಟೈಟ್ ಇದ್ದರೆ ಚೈನಿನ ಜೊತೆಗೆ ಗೇರ್ ಬಾಕ್ಸ್ ಬೇರಿಂಗನ್ನೂ ತಿನ್ನುತ್ತೆ.

ಹಾಗಾಗಿ ಯಾರಾದರೂ ಹಳೇ 650 ನೋಡಲು ಹೋಗುತ್ತಿದ್ದರೆ ಜೇಬಿನಲ್ಲಿ ಒಂದು ಸೀಮೆಸುಣ್ಣ ಇರಲಿ. ಒಂದು ಲಿಂಕ್ ಮೇಲೆ ಗುರುತು ಹಾಕಿ, ಬೈಕನ್ನು ಮೆಲ್ಲಗೆ ಮುಂದೆ ತಳ್ಳುತ್ತಾ ಎಣಿಸಿ. ಹತ್ತು ನಿಮಿಷದ ಕೆಲಸ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಎಣಿಸುವಾಗಲೇ ಕ್ಲಿಪ್ ಲಾಕ್ ಇದ್ದರೆ ಕಣ್ಣಿಗೆ ಬೀಳುತ್ತೆ. ಹಿಂದಿನ ಸ್ಪ್ರಾಕೆಟ್‌ನ ತೀರಾ ಹಿಂಬದಿಯಲ್ಲಿ ಚೈನನ್ನು ಬೆರಳಿಂದ ಎಳೆದು ನೋಡಿ. ಹಲ್ಲಿನಿಂದ ಎದ್ದು ಅರ್ಧ ಹಲ್ಲು ಕಾಣಿಸಿದರೆ ಚೈನ್ ಮುಗಿದಿದೆ ಅಂತಲೇ ಲೆಕ್ಕ. ಹಿಂದಿನ ಸ್ಪ್ರಾಕೆಟ್ ಮೇಲೆ ಹಲ್ಲಿನ ಸಂಖ್ಯೆ ಸಾಮಾನ್ಯವಾಗಿ ಒತ್ತಿರುತ್ತೆ. ಮುಂದಿನದಕ್ಕೆ ಕವರ್ ಬಿಚ್ಚಬೇಕು. ಅಂಗಡಿಯವರು ಬಿಚ್ಚಲು ಬಿಡದಿದ್ದರೆ ನೈಸ್ ರಸ್ತೆಯಂಥ ಕಡೆ ಮೊಬೈಲ್ ಜಿಪಿಎಸ್ ಇಟ್ಟುಕೊಂಡು ಓಡಿಸಿ, ಆರ್‌ಪಿಎಂ ಬರೆದುಕೊಳ್ಳಿ. ಎರಡು ಬೈಕು ಹೋಲಿಸುವಾಗಲೂ ಇದೇ ಮಾತು. ಗೇರಿಂಗ್ ಒಂದೇ ಇದೆಯಾ ಅಂತ ನೋಡದೆ ಯಾವುದು ಫಾಸ್ಟ್ ಅಂತ ಜಗಳ ಆಡಿ ಏನು ಉಪಯೋಗ?

ಖರ್ಚು: ಎರಡೂ ಸ್ಪ್ರಾಕೆಟ್ ಸೇರಿ ಹೊಸ ಚೈನ್ ಕಿಟ್ 14,200, ಎಲ್ಲಿಂದಲೋ ಹುಡುಕಿ ತಂದ ಹಳೇ ಸ್ಪ್ರಾಕೆಟ್ ಕವರ್ 3,500, ಲೇಬರ್ ಬೇರೆ. ಮೂರನ್ನೂ ಒಟ್ಟಿಗೇ ಬದಲಿಸಿದೆ, ಯಾಕೆಂದರೆ ಹಳೇ ಚೈನ್ ಹೊಸ ಸ್ಪ್ರಾಕೆಟ್ಟನ್ನೂ ಹಾಳು ಮಾಡುತ್ತೆ. ಮುಂದೆ 15 ಹಲ್ಲಿನದನ್ನೇ ಹಾಕಿಸಿದೆ. ಮೊದಲಿನ ಗುದ್ದು ಈಗ ಇಲ್ಲ, ನಿಜ. ಮೊದಲ ವಾರ ಸಪ್ಪೆ ಅನ್ನಿಸಿತು ಕೂಡ. ಹೆದ್ದಾರಿಯಲ್ಲಿ ಮಾತ್ರ ಹಿತವಾಗಿದೆ. ಗೆಳೆಯನ ಬೈಕಿನ ಪಕ್ಕ ಅದೇ ವೇಗ, ಅದೇ ಸದ್ದು. ಪ್ರತಿ 600 ಕಿಮೀಗೆ ಎಣ್ಣೆ ಬಿಡಬೇಕು ಅಂತ ಕವಾಸಾಕಿ ಮ್ಯಾನುಯಲ್ ಹೇಳುತ್ತೆ. ಮಳೆಯಲ್ಲಿ ನೆನೆದರೆ ಅದಕ್ಕೂ ಮೊದಲೇ. ಗೇರ್ ಆಯಿಲ್ 90 ತಂದಿಟ್ಟಿದ್ದೇನೆ. ಬೈಕ್ ನಿಲ್ಲಿಸಿದ ಮೇಲೆ, ಚೈನ್ ಬಿಸಿ ಇರುವಾಗಲೇ ಹಾಕಿ ಒರೆಸುತ್ತೇನೆ.

ಅಂಗಡಿಗೆ ಫೋನ್ ಮಾಡಿದ್ದೆ. "ಟೆಸ್ಟ್ ರೈಡ್ ಮಾಡಿ ನೀವೇ ಖುಷಿಪಟ್ಟು ತಗೊಂಡ್ರಲ್ಲ ಸಾರ್" ಅಂದರು. ಚೈನ್ ಕಟ್ ಮಾಡಿದ್ದು ಯಾರು ಅಂತ ಕೇಳಿದೆ. ಹಳೇ ಓನರ್ ಇರಬೇಕು ಅಂದರು. ಹೊಸ ಚೈನ್ ಅಂತ ಹೇಳಿದ್ದು ಯಾರು ಅಂತ ಕೇಳಿದಾಗ ಫೋನ್ ಕಟ್ ಆಯಿತು. ಹೋದ ವಾರ ಅದೇ ಅಂಗಡಿಯ ಜಾಹೀರಾತಿನಲ್ಲಿ ಇನ್ನೊಂದು 650ಆರ್ ಬಂದಿದೆ, ಹಸಿರು ಬಣ್ಣದ್ದು. "ಸೂಪರ್ ಪಿಕಪ್, ಹೊಸ ಚೈನ್" ಅಂತ ಬರೆದಿದ್ದಾರೆ. ನೋಡಲು ಹೋಗುವವರು ಎಣಿಸಿಕೊಳ್ಳಿ, 114 ಇರಬೇಕು.