ಕೂದಲು ಉದುರದಿದ್ದರೂ ಸೀನು ಬಿಡದು: ಅಲರ್ಜಿ ಇರುವವರಿಗೆಂದು ಮಾರುವ ನಾಯಿ ತಳಿಗಳ ವಿಮರ್ಶೆ

ಬೆಂಗಳೂರಿನಲ್ಲಿ ನಾಯಿಮರಿ ಮಾರುವವರ ಹತ್ತಿರ “ಮನೇಲಿ ಒಬ್ರಿಗೆ ಅಲರ್ಜಿ ಇದೆ” ಅಂದರೆ ಸಾಕು, ಟಾಯ್ ಪೂಡಲ್, ಶಿತ್ಜು, ಮಾಲ್ಟೀಸ್ ಎಂಬ ಮೂರು ಹೆಸರು ಒಂದೇ ಉಸಿರಿಗೆ ಬರುತ್ತವೆ. ಹಿಂದೆಯೇ “ಇದು ಹೈಪೋಅಲರ್ಜೆನಿಕ್ ಸಾರ್, ಕೂದ್ಲೇ ಉದ್ರಲ್ಲ” ಎಂಬ ಭರವಸೆ, ಅಂದರೆ ಅಲರ್ಜಿ ತರುವುದು ತೀರಾ ಕಡಿಮೆ ಎಂದು. ಕೂದಲಿನ ಮಾತು ಹೆಚ್ಚುಕಡಿಮೆ ನಿಜ. ಅಲರ್ಜಿಯ ಮಾತು ಸುಳ್ಳು.

ಸೀನು ಬರಿಸುವುದು ಕೂದಲಲ್ಲ, ನಾಯಿಯ ಜೊಲ್ಲು, ಚರ್ಮದ ಹೊಟ್ಟು ಮತ್ತು ಮೂತ್ರದಲ್ಲಿರುವ ಪ್ರೋಟೀನುಗಳು. ಇವುಗಳಲ್ಲಿ ಮುಖ್ಯವಾದದ್ದು ಕ್ಯಾನ್ ಎಫ್ 1. ನಾಯಿ ಮೈ ನೆಕ್ಕಿಕೊಂಡಾಗ ಜೊಲ್ಲು ಕೂದಲಿಗೆ ಅಂಟುತ್ತದೆ, ಒಣಗುತ್ತದೆ, ಪುಡಿಯಾಗಿ ಗಾಳಿಗೆ ಸೇರುತ್ತದೆ. ಜೊಲ್ಲಿಲ್ಲದ ತಳಿ, ಚರ್ಮ ಸವೆಯದ ತಳಿ ಎಲ್ಲೂ ಇಲ್ಲ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಒಂದೊಂದೇ ನಾಯಿಯಿದ್ದ 173 ಮನೆಗಳ ಧೂಳನ್ನು ಅಳೆದು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಹೈಪೋಅಲರ್ಜೆನಿಕ್’ ತಳಿಗಳ ಮನೆಗೂ ಮಿಕ್ಕ ಮನೆಗಳಿಗೂ ಕ್ಯಾನ್ ಎಫ್ 1ರಲ್ಲಿ ವ್ಯತ್ಯಾಸ ಸಿಗಲಿಲ್ಲ. ಮರುವರ್ಷ ನೆದರ್‌ಲ್ಯಾಂಡ್ಸ್‌ನಿಂದ ಬಂದ ಫಲಿತಾಂಶ ಇನ್ನೂ ಮಜವಾಗಿದೆ: ಆ ಪ್ರೋಟೀನು ಹೆಚ್ಚು ಸಿಕ್ಕಿದ್ದು ಪೂಡಲ್ ಕೂದಲಿನಲ್ಲೇ! ಉದುರದ ಕೂದಲು ಹೊಟ್ಟನ್ನೂ ಜೊಲ್ಲನ್ನೂ ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದು ಸಹಜ. ಹಾಗಾಗಿ ತಳಿ ನೋಡುವಾಗ ಕೇಳಬೇಕಾದ ಪ್ರಶ್ನೆ ಬೇರೆ. ಆ ಕೂದಲನ್ನು ಯಾರು, ಎಷ್ಟು ದಿನಕ್ಕೊಮ್ಮೆ, ಎಲ್ಲಿ ಕೂತು ಬಾಚುತ್ತಾರೆ?

ಅದಕ್ಕೂ ಮೊದಲು ಅಲರ್ಜಿ ಯಾವುದರದ್ದು ಅನ್ನುವುದು ಗೊತ್ತಾಗಲಿ. ನಾಯಿ ಬಂದ ಮೇಲೆ ಮೂಗು ಸೋರುತ್ತದೆ ಅನ್ನುವವರಲ್ಲಿ ಕೆಲವರಿಗೆ ಅಸಲಿ ತೊಂದರೆ ಹಾಸಿಗೆಯ ಧೂಳುಹುಳದ್ದು, ಜಿರಲೆಯದ್ದು, ಇಲ್ಲವೇ ಖಾಲಿ ಸೈಟಿನಲ್ಲಿ ಬೆಳೆದ ಕಾಂಗ್ರೆಸ್ ಗಿಡದ ಪರಾಗದ್ದು. ಆ ಗಿಡಗಳ ನಡುವೆ ವಾಕಿಂಗ್ ಹೋಗಿಬಂದ ನಾಯಿ ಪರಾಗವನ್ನು ಮೈಗೆ ಮೆತ್ತಿಕೊಂಡು ಸೋಫಾ ಹತ್ತುತ್ತದೆ, ಬೈಗುಳ ಮಾತ್ರ ನಾಯಿಗೆ. ಸ್ಕಿನ್ ಪ್ರಿಕ್ ಟೆಸ್ಟ್ ಮಾಡಿಸಿದರೆ ಇದು ಬಹುಮಟ್ಟಿಗೆ ಬಗೆಹರಿಯುತ್ತದೆ. ಮುಂಗೈ ಮೇಲೆ ಅಲರ್ಜಿ ತರಬಹುದಾದ ಒಂದೊಂದು ವಸ್ತುವಿನ ದ್ರಾವಣದ ಹನಿ ಇಟ್ಟು ಮೆಲ್ಲಗೆ ಚುಚ್ಚಿ, 15ರಿಂದ 20 ನಿಮಿಷ ಬಿಟ್ಟು ನೋಡುತ್ತಾರೆ. ಬರೀ ದ್ರಾವಕ ಚುಚ್ಚಿದ ಜಾಗಕ್ಕಿಂತ ಕನಿಷ್ಠ 3 ಮಿಲಿಮೀಟರ್ ದೊಡ್ಡ ಗಂದೆ ಎದ್ದರೆ ಪಾಸಿಟಿವ್. ಸೆಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ನುಂಗಿಕೊಂಡು ಹೋದರೆ ಗಂದೆ ಏಳುವುದೇ ಇಲ್ಲ, ಪರೀಕ್ಷೆ ದಂಡ. ಸಾಮಾನ್ಯವಾಗಿ 5ರಿಂದ 7 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ, ಆದರೆ ನಿಮ್ಮ ವೈದ್ಯರನ್ನು ಕೇಳಿಯೇ ನಿಲ್ಲಿಸಿ.

ನಾಯಿಗೆ ಪಾಸಿಟಿವ್ ಬಂದರೆ ಇನ್ನೊಂದು ರಕ್ತಪರೀಕ್ಷೆಯ ಬಗ್ಗೆ ಕೇಳಿ, ಯಾವ ಪ್ರೋಟೀನಿಗೆ ಅಲರ್ಜಿ ಎಂದು ಬಿಡಿಸಿ ಹೇಳುವಂಥದ್ದು. ಕ್ಯಾನ್ ಎಫ್ 5 ಎಂಬ ಪ್ರೋಟೀನು ಹುಟ್ಟುವುದು ಪ್ರಾಸ್ಟೇಟ್ ಗ್ರಂಥಿಯಲ್ಲಿ, ಅಂದರೆ ಗಂಡುನಾಯಿಯಲ್ಲಿ ಮಾತ್ರ. ಅದೊಂದಕ್ಕೇ ಅಲರ್ಜಿ ಇರುವವರಿಗೆ ತಳಿಗಿಂತ ಲಿಂಗ ಮುಖ್ಯ. ಹೆಣ್ಣುನಾಯಿ ಅವರಿಗೆ ಒಗ್ಗುವ ಸಾಧ್ಯತೆ ಚೆನ್ನಾಗಿದೆ. ಗಂಡೇ ಬೇಕೆಂದರೆ ಬೀಜ ತೆಗೆಸಿದ್ದನ್ನು ನೋಡಬಹುದು.

ಇನ್ನು ತಳಿಗಳಿಗೆ ಬರೋಣ.

ಪೂಡಲ್‌ಗೆ ನಮ್ಮ ಮೊದಲ ಅಂಕ, ಒಂದು ಷರತ್ತಿನ ಮೇಲೆ. ಟಾಯ್ ಅಥವಾ ಮಿನಿಯೇಚರ್ ಗಾತ್ರದ್ದಾಗಿರಬೇಕು, ಕೂದಲನ್ನು ಸದಾ ಗಿಡ್ಡ ಇಟ್ಟಿರಬೇಕು. ಮೈ ಚಿಕ್ಕದಾದಷ್ಟು ಹೊಟ್ಟೂ ಕಡಿಮೆ, ಸ್ನಾನವೂ ಸುಲಭ. ಇದರ ಕೂದಲು ನಮ್ಮ ತಲೆಗೂದಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ, 4ರಿಂದ 6 ವಾರಕ್ಕೊಮ್ಮೆ ಕತ್ತರಿಸಲೇಬೇಕು. ಬಾಚುವುದರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ, ಮೇಲೆಮೇಲೆ ಬ್ರಷ್ ಆಡಿಸಿ ಮುಗಿಸುತ್ತಾರೆ. ಕಿವಿಯ ಹಿಂದಿನ ಕೂದಲನ್ನು ಹೆಬ್ಬೆರಳಿನಿಂದ ಬೈತಲೆ ತೆಗೆದ ಹಾಗೆ ಬಿಡಿಸಿ, ಚರ್ಮದ ಗುಲಾಬಿ ಗೆರೆ ಕಾಣಬೇಕು. ಅಲ್ಲಿಂದ ಸ್ಟೀಲ್ ಬಾಚಣಿಗೆ ಹಾಕಿ ಎಳೆಯಿರಿ. ತಡೆಯದೆ ಹೊರಬಂದರೆ ಸರಿ. ಸಿಕ್ಕಿಕೊಂಡರೆ ಬುಡದಲ್ಲಿ ಜಡೆಗಟ್ಟಿದೆ ಎಂದೇ ಅರ್ಥ. ಆ ಗಂಟನ್ನು ಬಿಡಿಸಿದಾಗ ಅಕ್ಕಿಹಿಟ್ಟಿನಂಥ ಬಿಳಿ ಪುಡಿ ಉದುರುತ್ತದಲ್ಲ, ಮೂಗಿಗೆ ಹೋಗುವ ಮಾಲು ಅದೇ. ಕಿವಿಯ ಹಿಂದೆ, ಕಂಕುಳು, ಬೆಲ್ಟ್ ಕೂರುವ ಕುತ್ತಿಗೆ, ತೊಡೆಯ ಸಂದು, ಈ ನಾಲ್ಕು ಕಡೆ ಗಂಟು ಬೇಗ ಕಟ್ಟುತ್ತದೆ.

ಶಿತ್ಜು ಮತ್ತು ಲಾಸಾ ಆಪ್ಸೋಗೆ ಎರಡನೇ ಸ್ಥಾನ. ಕೂದಲಿನ ಕೆಲಸ ಪೂಡಲ್‌ನಷ್ಟೇ ಇದೆ, ಜೊತೆಗೆ ಗಡ್ಡದ ಕೂದಲು ಊಟ ಮಾಡಿದಾಗಲೆಲ್ಲ, ನೀರು ಕುಡಿದಾಗಲೆಲ್ಲ ನೆನೆದು ಜೊಲ್ಲಿನ ಸ್ಪಂಜಾಗುತ್ತದೆ. ದಿನಕ್ಕೆರಡು ಸಲ ಒದ್ದೆಬಟ್ಟೆಯಲ್ಲಿ ಒರೆಸುವವರಿಲ್ಲದಿದ್ದರೆ ಅಲರ್ಜಿಯ ಮನೆಗೆ ಇವು ಬೇಡ. ಶಿತ್ಜು ಚಪ್ಪಟೆ ಮೂತಿಯದು, ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಏದುಸಿರು ಬಿಡುತ್ತದೆ. ಮಾಲ್ಟೀಸ್, ಯಾರ್ಕ್‌ಷೈರ್ ಟೆರಿಯರ್ ವಿಷಯದಲ್ಲಿ ಹೆಚ್ಚಿಗೆ ಹೇಳಲು ಏನಿಲ್ಲ. ಗಾತ್ರ ಚಿಕ್ಕದು, ಆರೈಕೆ ಅದೇ.

ಲ್ಯಾಬ್ರಡೂಡಲ್ ಬೇಡವೆಂದೇ ನಮ್ಮ ಸಲಹೆ. ಇದರ ಹುಟ್ಟಿನಲ್ಲೇ ಪಾಠವಿದೆ. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ದಾರಿ ತೋರುವ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿ ಅಲರ್ಜಿ. ಆಸ್ಟ್ರೇಲಿಯಾದಲ್ಲಿ ಅಂಧರ ನಾಯಿಗಳನ್ನು ತಯಾರು ಮಾಡುತ್ತಿದ್ದ ವಾಲಿ ಕಾನ್ರನ್ 1989ರಲ್ಲಿ ಲ್ಯಾಬ್ರಡಾರ್‌ಗೆ ಸ್ಟ್ಯಾಂಡರ್ಡ್ ಪೂಡಲ್ ಕೂಡಿಸಿದರು. ಹುಟ್ಟಿದ ಮೂರು ಮರಿಗಳ ಕೂದಲು, ಜೊಲ್ಲು ಹವಾಯಿಗೆ ಹೋಯಿತು. ಒಗ್ಗಿದ್ದು ಒಂದೇ ಮರಿ, ಮಿಕ್ಕೆರಡು ಇಲ್ಲ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವೇ ಹೀಗಾದರೆ ತಳಿಯ ಹೆಸರಿಗೇನು ಬೆಲೆ? ತಾನು ಹುಟ್ಟುಹಾಕಿದ ಈ ಹುಚ್ಚಿಗೆ ಕಾನ್ರನ್ ಆಮೇಲೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಮಿಶ್ರತಳಿಯಾದ್ದರಿಂದ ಮರಿಯ ಕೂದಲು ಲ್ಯಾಬ್‌ನಂತೆ ಉದುರಬಹುದು, ಪೂಡಲ್‌ನಂತೆ ಬೆಳೆಯಬಹುದು, ಎರಡೂ ಆಗಬಹುದು. ಎರಡೂ ಆದರೆ ಉದುರಿದ ಕೂದಲು ಸುರುಳಿಯೊಳಗೇ ಸಿಕ್ಕಿ ಕಂಬಳಿಯಾಗುತ್ತದೆ. ಇನ್ನೊಂದು ಮಾತು: ಇದನ್ನು ಕೆನಲ್ ಕ್ಲಬ್ ಆಫ್ ಇಂಡಿಯಾ ತಳಿಯೆಂದು ಒಪ್ಪಿಲ್ಲ. “ಲ್ಯಾಬ್ರಡೂಡಲ್‌ಗೆ ಕೆಸಿಐ ಪೇಪರ್ ಇದೆ” ಎಂದವರ ಹತ್ತಿರ ಮುಂದಿನ ಮಾತೇ ಬೇಡ.

ಮುಧೋಳದ ನಾಯಿಯನ್ನು ಈ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ, ನಾವು ಸೇರಿಸುತ್ತೇವೆ. ಮೈಗಂಟಿದ ಗಿಡ್ಡ ಕೂದಲು, ಒದ್ದೆಬಟ್ಟೆಯಲ್ಲಿ ತಲೆಯಿಂದ ಬಾಲದವರೆಗೆ ಒರೆಸಲು ಐದು ನಿಮಿಷ ಸಾಕು, ಗಂಟು ಬಿಡಿಸುವ ರಗಳೆಯಿಲ್ಲ. ಹೊಟ್ಟು, ಜೊಲ್ಲು ಇದಕ್ಕೂ ಇದೆ, ಸಣ್ಣ ಕೂದಲು ಉದುರುತ್ತದೆ ಕೂಡ. ಆದರೆ ಇದು ಓಡಲೆಂದೇ ಹುಟ್ಟಿದ ಬೇಟೆನಾಯಿ. ತೋಟ, ಹೊಲ, ದೊಡ್ಡ ಕಾಂಪೌಂಡು ಇದ್ದು ನಾಯಿ ಹೊರಗೇ ಹೆಚ್ಚು ಇರುವ ಮನೆಗೆ ಹೇಳಿಮಾಡಿಸಿದ್ದು. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಕಟ್ಟಿಹಾಕುವುದು ಅನ್ಯಾಯ. ಪೊಮೆರೇನಿಯನ್, ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಮೂರಕ್ಕೂ ಒಳಗೊಂದು ಒತ್ತುಗೂದಲಿನ ಪದರವಿದೆ, ಅದು ಕಂತೆಕಂತೆಯಾಗಿ ಕಳಚುತ್ತದೆ. ಅಲರ್ಜಿಯ ಮನೆಯಲ್ಲಿ ಕಸ ಗುಡಿಸಿಯೇ ಸುಸ್ತಾಗುತ್ತೀರಿ.

ತಳಿ ಯಾವುದೇ ಇರಲಿ, ತರುವ ನಾಯಿಯ ಜೊತೆಗೇ ಪರೀಕ್ಷೆ ಆಗಬೇಕು. ಅಲರ್ಜಿ ಇರುವವರು ಕನಿಷ್ಠ ಮೂರು ಸಲ ಹೋಗಿ, ಪ್ರತಿಸಲವೂ ಗಂಟೆಗೆ ಕಡಿಮೆಯಿಲ್ಲದೆ ಒಳಕೋಣೆಯಲ್ಲಿ ಕೂರಲಿ, ಅಂದು ಅಲರ್ಜಿ ಮಾತ್ರೆ ನುಂಗದೆ. ಹಿತ್ತಲಲ್ಲಿ ಮುದ್ದಾಡಿ ಬಂದರೆ ಏನೂ ತಿಳಿಯುವುದಿಲ್ಲ. ತಕ್ಷಣ ಏನೂ ಆಗಲಿಲ್ಲವೆಂದು ಮುಂಗಡ ಕೊಡಬೇಡಿ, ಪ್ರತಿಕ್ರಿಯೆ ಕೆಲವು ಗಂಟೆ ತಡವಾಗಿ ಬರುವುದುಂಟು. ಮರುದಿನ ಬೆಳಗ್ಗೆವರೆಗೆ ಮೂಗು, ಕಣ್ಣು, ಉಸಿರು ಗಮನಿಸಿ ಬರೆದಿಡಿ. ಮರಿಗಿಂತ ಬೆಳೆದ ನಾಯಿ ವಾಸಿ. ಮರಿಗೂದಲು ಹೋಗಿ ದೊಡ್ಡಗೂದಲು ಬಂದ ಮೇಲೆ ಲೆಕ್ಕ ಬದಲಾಗಬಹುದು. ಮರಿಯೇ ಬೇಕೆಂದರೆ ಅದರ ಅಪ್ಪ, ಅಮ್ಮನ ಪಕ್ಕ ಕೂತು ಬನ್ನಿ. 8 ವಾರ ತುಂಬದ ಮರಿಯನ್ನು ಮಾರುವುದು ನಿಯಮಕ್ಕೆ ವಿರುದ್ಧ, ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಅಲರ್ಜಿ ಬಂದರೆ ಎಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತಾರೆ ಎಂಬುದನ್ನು ಬರೆಸಿಕೊಳ್ಳಿ. ಉಬ್ಬಸ ಇರುವವರು ಈ ಪ್ರಯೋಗವನ್ನು ವೈದ್ಯರನ್ನು ಕೇಳದೆ ಮಾಡಬಾರದು. ಉಬ್ಬಸ ಹತೋಟಿಯಲ್ಲಿ ಇಲ್ಲದವರಿಗೆ ನಾವು ಯಾವ ತಳಿಯನ್ನೂ ಹೇಳುವುದಿಲ್ಲ.

ತಂದಮೇಲೆ ಮಲಗುವ ಕೋಣೆಯ ಬಾಗಿಲು ನಾಯಿಗೆ ಸದಾ ಮುಚ್ಚಿರಲಿ, ಇದೊಂದರಲ್ಲಿ ರಿಯಾಯಿತಿ ಬೇಡ. ಏರ್ ಪ್ಯೂರಿಫೈಯರ್ ತರುವುದಾದರೆ ಸಣ್ಣಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನೇ ತಂದು ಆ ಕೋಣೆಯಲ್ಲಿಡಿ. ನಮ್ಮ ಮನೆಗಳ ರೆಡ್ ಆಕ್ಸೈಡ್, ಟೈಲ್ಸ್ ನೆಲ ಇಲ್ಲಿ ವರದಾನ, ಆದರೆ ಒಣ ಪೊರಕೆ ಆಡಿಸಿದರೆ ಕೂತಿದ್ದೆಲ್ಲ ಮತ್ತೆ ಗಾಳಿಗೆ. ಒದ್ದೆಬಟ್ಟೆಯೇ ಸರಿ. ಸ್ನಾನದಿಂದ ಅಲರ್ಜಿಯ ಪ್ರೋಟೀನು ಕಡಿಮೆಯಾಗುವುದು ನಿಜ, ಆದರೆ ಕೆಲವೇ ದಿನಗಳಿಗೆ. ಆ ಲಾಭ ಉಳಿಯಬೇಕಾದರೆ ವಾರಕ್ಕೆರಡು ಸಲ ಬೇಕೆಂದು 1999ರಲ್ಲೇ ಅಳೆದು ತೋರಿಸಿದ್ದಾರೆ. ಅಷ್ಟು ಸಲ ಮನುಷ್ಯರ ಶಾಂಪೂ ಹಾಕಿದರೆ ಚರ್ಮ ಒಣಗಿ ಹೊಟ್ಟು ಇನ್ನೂ ಹೆಚ್ಚುತ್ತದೆ. ನಾಯಿಯದೇ ಸೌಮ್ಯ ಶಾಂಪೂ, ಉಗುರುಬೆಚ್ಚಗಿನ ನೀರು, ನೊರೆ ಪೂರ್ತಿ ಹೋಗುವವರೆಗೆ ತೊಳೆದು ಬುಡದವರೆಗೆ ಒಣಗಿಸಬೇಕು. ಮಳೆಗಾಲದ ಮಂಗಳೂರಿನಲ್ಲಿ ಬುಡ ಹಸಿಯಾಗಿಯೇ ಉಳಿದ ಪೂಡಲ್‌ಗೆ ಕಿವಿಯಲ್ಲಿ, ಕಂಕುಳಲ್ಲಿ ಬೂಷ್ಟು ಸೋಂಕು ಹತ್ತುವುದು ತಡವಾಗುವುದಿಲ್ಲ. ಮೀಯಿಸುವುದು, ಬಾಚುವುದು ಎರಡನ್ನೂ ಅಲರ್ಜಿ ಇಲ್ಲದವರೇ, ತಾರಸಿಯಲ್ಲೋ ಅಂಗಳದಲ್ಲೋ ಮಾಡಬೇಕು. ಮನೆಯಲ್ಲಿ ಅಂಥವರು ಯಾರೂ ಇಲ್ಲವೆಂದರೆ ತಿಂಗಳ ಗ್ರೂಮಿಂಗ್ ಖರ್ಚನ್ನು ಮರಿಯ ಬೆಲೆಯ ಪಕ್ಕದಲ್ಲೇ ಬರೆದು ಕೂಡಿಸಿ, ಆಮೇಲೆ ಮಾರುವವರಿಗೆ ಫೋನ್ ಮಾಡಿ.