ಒಂದೇ ಲೀಜನ್, ಮೂರು ಹುಟ್ಟು: ಓದು ಎಲ್ಲಿಂದ ಆರಂಭಿಸಬೇಕು?

ಡಿಸಿ ಕಾಮಿಕ್ಸ್‌ನ ‘ಲೀಜನ್ ಆಫ್ ಸೂಪರ್ ಹೀರೋಸ್’ ಓದಲು ಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ, ಸಾವಿರ ವರ್ಷ ಮುಂದಿನ ಕಾಲದ ಈ ಹದಿಹರೆಯದವರ ತಂಡ ಒಂದಲ್ಲ, ಹಲವು ಸಲ ಹೊಸದಾಗಿ ಹುಟ್ಟಿದೆ ಎಂಬುದು. 1958ರಲ್ಲಿ ಹುಟ್ಟಿದ ತಂಡವನ್ನು 1994ರಲ್ಲಿ ಅಳಿಸಿ ಮತ್ತೆ ಮೊದಲಿನಿಂದ ಬರೆದರು. ಅದನ್ನೂ ಬದಿಗಿಟ್ಟು 2005ರ ಹೊತ್ತಿಗೆ ಮೂರನೆಯ ಸಲ ಬರೆದರು. ಹೆಸರುಗಳು ಹೆಚ್ಚುಕಡಿಮೆ ಅವೇ, ಗ್ರಹಗಳು ಅವೇ, ಬೆರಳಿಗೆ ತೊಟ್ಟರೆ ಹಾರುವ ಶಕ್ತಿ ಕೊಡುವ ಉಂಗುರವೂ ಅದೇ. ಆದರೆ ಈ ಹುಡುಗ ಹುಡುಗಿಯರು ಯಾಕೆ ಒಟ್ಟುಗೂಡಿದರು ಎಂಬ ಪ್ರಶ್ನೆಗೆ ಮೂರು ಕಡೆಯೂ ಉತ್ತರ ಬೇರೆ. ಕಳೆದ ಮಳೆಗಾಲದಲ್ಲಿ ನಾನು ಈ ಮೂರನ್ನೂ ಆರಂಭದಿಂದ, ಕ್ರಮವಾಗಿ, ಮತ್ತೊಮ್ಮೆ ಓದಿದೆ. ರಜೆಗೆಂದು ಮನೆಗೆ ಬಂದಿದ್ದ ಅಕ್ಕನ ಮಗಳು, ಈಗ ಹದಿನೈದರ ಹುಡುಗಿ, ನಾನು ಓದಿ ಕೆಳಗಿಟ್ಟ ಪುಸ್ತಕವನ್ನು ಎತ್ತಿಕೊಂಡು ನನ್ನ ಹಿಂದೆಯೇ ಓದುತ್ತ ಬಂದಳು. ಮುಂದಿನ ಮಾತುಗಳಲ್ಲಿ ಕೆಲವು ಅವಳವು.

ಮೊದಲ ಕಥೆ ಬಂದದ್ದು 1958ರ ಏಪ್ರಿಲ್ ತಿಂಗಳ ‘ಅಡ್ವೆಂಚರ್ ಕಾಮಿಕ್ಸ್’ 247ನೆಯ ಸಂಚಿಕೆಯಲ್ಲಿ. ಬರೆದವರು ಓಟೋ ಬೈಂಡರ್, ಚಿತ್ರಿಸಿದವರು ಆಲ್ ಪ್ಲಾಸ್ಟೀನೋ. ಭವಿಷ್ಯದಿಂದ ಬಂದ ಮೂವರು ಸ್ಮಾಲ್‌ವಿಲ್ ಊರಿನ ಸೂಪರ್‌ಬಾಯ್‌ನನ್ನು ತಮ್ಮ ಕ್ಲಬ್ಬಿಗೆ ಸೇರಿಸಿಕೊಳ್ಳಲು ಕರೆದೊಯ್ದು, ಪರೀಕ್ಷೆಗೆ ಒಡ್ಡಿ, ಸೋಲಿಸಿ, ಕೊನೆಗೆ ಅದೆಲ್ಲ ಹೊಸಬರಿಗೆ ಮಾಡುವ ಶಾಸ್ತ್ರವೆಂದು ತಿಳಿಸುತ್ತಾರೆ. ಆ ಕಥೆಯೊಂದನ್ನೇ ಓದಿದರೆ ವಿಶೇಷವೇನೂ ಕಾಣುವುದಿಲ್ಲ. 1962ರಲ್ಲಿ, 300ನೆಯ ಸಂಚಿಕೆಯಿಂದ ಲೀಜನ್‌ಗೆ ಆ ಪತ್ರಿಕೆಯಲ್ಲಿ ಕಾಯಂ ಸ್ಥಾನ ಸಿಕ್ಕಿತು. ಅದರ ನಿಜವಾದ ಬಾಳು ಆರಂಭವಾದದ್ದು ಅಲ್ಲಿಂದ.

ಆ ವರ್ಷಗಳ ಲೀಜನ್ ಅಕ್ಷರಶಃ ಒಂದು ಕ್ಲಬ್ಬು. ಸದಸ್ಯರಿಗೆ ಹದಿನೆಂಟು ದಾಟಿರಬಾರದು. ಹುಟ್ಟಿನಿಂದಲೋ ಸಾಧನೆಯಿಂದಲೋ ಬಂದ ಸ್ವಂತದ ಒಂದು ಶಕ್ತಿ ಇರಬೇಕು, ಯಂತ್ರದ ಆಸರೆ ನಡೆಯದು. ಒಮ್ಮೆ ಸೂಪರ್‌ಗರ್ಲ್ ಪರೀಕ್ಷೆಯಲ್ಲಿ ಗೆದ್ದರೂ, ಕೆಂಪು ಕ್ರಿಪ್ಟೊನೈಟ್ ಎಂಬ ವಿಚಿತ್ರ ಕಲ್ಲಿನ ಪ್ರಭಾವದಿಂದ ಆ ಗಳಿಗೆಯಲ್ಲಿ ವಯಸ್ಕಳಾಗಿ ಬೆಳೆದುಬಿಟ್ಟಳೆಂದು ಅವಳನ್ನು ಹಿಂದಕ್ಕೆ ಕಳುಹಿಸುತ್ತಾರೆ. ನಾಯಕತ್ವಕ್ಕೆ ಚುನಾವಣೆ ನಡೆಯುತ್ತದೆ. ಕೆಲವು ವರ್ಷ ಓದುಗರೇ ಅಂಚೆಯಲ್ಲಿ ಮತ ಕಳುಹಿಸಿ ನಾಯಕರನ್ನು ಆರಿಸಿದ್ದುಂಟು. ತಿರಸ್ಕೃತರಾದ ಐವರು ಬೇಸರಿಸಿ ಮನೆಗೆ ಹೋಗದೆ ಬದಲಿ ವೀರರ ಪ್ರತ್ಯೇಕ ತಂಡವನ್ನೇ ಕಟ್ಟಿಕೊಳ್ಳುತ್ತಾರೆ. “ಮಾವ, ಇವರಿಗೆ ಇಷ್ಟೊಂದು ನಿಯಮ ಯಾಕೆ? ದೊಡ್ಡವರು ಯಾರೂ ಹೇಳಿಲ್ಲವಲ್ಲ” ಎಂದು ಹುಡುಗಿ ಕೇಳಿದಳು. ನನ್ನ ಮಟ್ಟಿಗೆ ಈ ಕಾಲದ ಕಥೆಗಳ ಸತ್ವವಿರುವುದು ಅವಳು ಕೇಳಿದ ಆ ಜಾಗದಲ್ಲಿಯೇ. ಯಾರೂ ಹೇಳದಿದ್ದರೂ ಈ ಮಕ್ಕಳು ತಮಗೆ ತಾವೇ ಕಟ್ಟಳೆ ಬರೆದುಕೊಂಡು, ಅದು ತಮ್ಮವರಿಗೇ ಕಹಿಯಾದಾಗಲೂ ಅದಕ್ಕೆ ತಲೆಬಾಗುತ್ತಾರೆ. 1966ರ 342ನೆಯ ಸಂಚಿಕೆಯಲ್ಲಿ ಸ್ಟಾರ್ ಬಾಯ್ ತನ್ನ ಪ್ರಾಣ ಉಳಿಸಿಕೊಳ್ಳುವುದಕ್ಕಾಗಿ ಒಬ್ಬನನ್ನು ಕೊಲ್ಲಬೇಕಾಗುತ್ತದೆ. ಲೀಜನ್ನಿನವರು ಕೊಲ್ಲಬಾರದೆಂಬುದು ನಿಯಮ. ಗೆಳೆಯರೇ ವಿಚಾರಣೆಗೆ ಕುಳಿತು, ವಾದ ಪ್ರತಿವಾದ ಕೇಳಿ, ಮತ ಹಾಕಿ, ಅವನನ್ನು ಹೊರಹಾಕುತ್ತಾರೆ.

ಇದೇ ಕಾಲದ ಇನ್ನೆರಡು ಕಥೆಗಳನ್ನು ಹತ್ತಿರದಿಂದ ನೋಡಬೇಕು. 1963ರ ಜನವರಿಯ 304ನೆಯ ಸಂಚಿಕೆಯಲ್ಲಿ, ಮುಂದಿನ ಕಾಳಗದಲ್ಲಿ ತಂಡದ ಒಬ್ಬರು ಸಾಯುತ್ತಾರೆಂದು ತಿಳಿದ ಸ್ಯಾಟರ್ನ್ ಗರ್ಲ್, ತನ್ನ ಮನೋಶಕ್ತಿಯಿಂದ ಎಲ್ಲರ ಮತವನ್ನೂ ತನ್ನ ಕಡೆಗೆ ತಿರುಗಿಸಿಕೊಂಡು ನಾಯಕಿಯಾಗುತ್ತಾಳೆ. ಉಳಿದವರು ಶಕ್ತಿ ಬಳಸದಂತೆ ತಡೆದು ತಾನೊಬ್ಬಳೇ ಸಾಯುವುದು ಅವಳ ಎಣಿಕೆ. ಗುಟ್ಟು ತಿಳಿದ ಲೈಟ್ನಿಂಗ್ ಲ್ಯಾಡ್ ಅವಳಿಗಿಂತ ಮೊದಲೇ ನುಗ್ಗಿ ಸಾಯುತ್ತಾನೆ. ಎಂಟು ಸಂಚಿಕೆಗಳ ನಂತರ ಅವನನ್ನು ಬದುಕಿಸುವ ದಾರಿ ಸಿಗುತ್ತದೆ: ಗುಡುಗು ಮಿಂಚಿನ ನಡುವೆ ಅವನ ಸುತ್ತ ಲೋಹದ ಸರಳು ಹಿಡಿದು ನಿಲ್ಲಬೇಕು, ಸಿಡಿಲು ಯಾರ ಸರಳಿಗೆ ಹೊಡೆಯುವುದೋ ಅವರ ಜೀವ ಅವನಿಗೆ ಹೋಗುತ್ತದೆ. ಜಾನ್ ಫೋರ್ಟೆ ಚಿತ್ರಿಸಿದ ಆ ಪುಟದಲ್ಲಿ ಹುಡುಗರು ಗೊಂಬೆಗಳಂತೆ ಬಿಗಿದು ನಿಂತಿದ್ದಾರೆ. ಚಿತ್ರ ಚೆನ್ನಾಗಿದೆಯೆಂದು ನಾನು ಹೇಳಲಾರೆ, ಆದರೆ ಆ ಬಿಗಿತವೇ ಅಲ್ಲಿ ಭಯವಾಗಿ ಕಾಣುತ್ತದೆ. ಸಿಡಿಲು ಯಾರಿಗೆ ಹೊಡೆಯಿತು ಎಂಬುದನ್ನು ಇಲ್ಲಿ ಹೇಳಿ ನಿಮ್ಮ ಓದು ಕೆಡಿಸುವುದಿಲ್ಲ. ನಮ್ಮ ಹುಡುಗಿ ಆ ಕೊನೆಯ ಪುಟಕ್ಕೆ ಬಂದಾಗ ಸ್ವಲ್ಪ ಹೊತ್ತು ಪುಸ್ತಕವನ್ನು ಮಡಿಲಲ್ಲಿ ಮಗುಚಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳು.

ಇನ್ನೊಂದು ಫೆರೋ ಲ್ಯಾಡ್‌ನ ಕಥೆ. 1966ರಲ್ಲಿ ಪಿಟ್ಸ್‌ಬರ್ಗ್ ನಗರದ ಜಿಮ್ ಶೂಟರ್ ಎಂಬ ಹದಿನಾಲ್ಕರ ಹುಡುಗ ತಾನೇ ಬರೆದು ಕಳುಹಿಸಿದ ಕಥೆಯನ್ನು ಸಂಪಾದಕ ಮಾರ್ಟ್ ವೈಸಿಂಗರ್ ಕೊಂಡುಕೊಂಡರು. ಮುಂದಿನ ವರ್ಷಗಳಲ್ಲಿ ಲೀಜನ್ನಿನ ಮುಖ್ಯ ಕಥೆಗಾರ ಆ ಹುಡುಗನೇ. ಹದಿಹರೆಯದವರ ಕಥೆಯನ್ನು ಹದಿಹರೆಯದವನೇ ಬರೆದದ್ದರ ವ್ಯತ್ಯಾಸ ಮೊದಲ ಸಂಚಿಕೆಯಲ್ಲಿಯೇ ತಿಳಿಯುತ್ತದೆ: ಪಾತ್ರಗಳು ಪರಸ್ಪರ ಸಿಟ್ಟಾಗುತ್ತವೆ, ಅನುಮಾನಿಸುತ್ತವೆ, ಹೊಸಬರನ್ನು ನಂಬಲು ಹಿಂಜರಿಯುತ್ತವೆ. ಆ ಸಲ ಸೇರಿದವರಲ್ಲಿ ಕಬ್ಬಿಣವಾಗಿ ಬದಲಾಗಬಲ್ಲ, ಸದಾ ಮುಖವಾಡ ಧರಿಸಿದ ಫೆರೋ ಲ್ಯಾಡ್ ಒಬ್ಬ. ಆರೇಳು ತಿಂಗಳಲ್ಲೇ, 1967ರ ಫೆಬ್ರವರಿಯ 353ನೆಯ ಸಂಚಿಕೆಯಲ್ಲಿ, ನಕ್ಷತ್ರಗಳನ್ನು ನುಂಗುವ ಸನ್ ಈಟರ್‌ನ ಒಡಲಿಗೆ ಬಾಂಬು ಹೊತ್ತುಕೊಂಡು ಹೋಗಿ ಅವನು ಸಾಯುತ್ತಾನೆ. ಆ ಕೆಲಸಕ್ಕೆ ಹೊರಟಿದ್ದ ಸೂಪರ್‌ಬಾಯ್‌ನನ್ನು ಬದಿಗೆ ತಳ್ಳಿ ಹೋಗುವ ಆ ಚೌಕ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆ ಮುಖವಾಡದ ಹಿಂದೆ ಕಪ್ಪು ಹುಡುಗನ ಮುಖವಿರಬೇಕೆಂಬುದು ತನ್ನ ಉದ್ದೇಶವಾಗಿತ್ತು, ಸಂಪಾದಕರು ಒಪ್ಪಲಿಲ್ಲ ಎಂದು ಶೂಟರ್ ಮುಂದೆ ಹೇಳಿಕೊಂಡಿದ್ದಾರೆ. ಮೊದಲ ಲೀಜನ್ನಿನ ಮೇಲೆ ನನಗಿರುವ ದೊಡ್ಡ ದೂರು ಇದೇ. ಹಸಿರು ಮೈಯ ಬ್ರೇನಿಯಾಕ್ 5 ಇದ್ದಾನೆ, ಕಿತ್ತಳೆ ಬಣ್ಣದ ಕಮೀಲಿಯನ್ ಬಾಯ್ ಇದ್ದಾನೆ, ಆದರೆ ಸಾವಿರ ವರ್ಷಗಳ ನಂತರದ ಭೂಮಿಯಲ್ಲಿ ಕಪ್ಪು ಜನರಿಗೆ ಜಾಗವಿಲ್ಲ. 1976ರಲ್ಲಿ ಟೈರಾಕ್ ಎಂಬ ಪಾತ್ರವನ್ನು ತಂದಾಗಲೂ, ಅವನ ಜನರು ಉಳಿದ ಲೋಕದಿಂದ ದೂರವಾಗಿ ಒಂದು ದ್ವೀಪದಲ್ಲಿ ಪ್ರತ್ಯೇಕವಾಗಿ ಬಾಳುತ್ತಿದ್ದರೆಂದು ವಿವರಣೆ ಕೊಟ್ಟರು. ಭವಿಷ್ಯವನ್ನು ಇಷ್ಟು ಅಗಲವಾಗಿ ಕಲ್ಪಿಸಿದವರು ಪಕ್ಕದ ಬೀದಿಯನ್ನು ಕಲ್ಪಿಸದೆ ಹೋದದ್ದು ನೋವಿನ ಸಂಗತಿ.

1994ರ ಲೀಜನ್‌ಗೆ ಬಂದರೆ ನೆಲವೇ ಬದಲಾಗುತ್ತದೆ. ಇಲ್ಲಿಯೂ ಮೂವರು ಸ್ಥಾಪಕರು ಕೋಟ್ಯಧೀಶ ಆರ್. ಜೆ. ಬ್ರ್ಯಾಂಡ್‌ನ ಪ್ರಾಣ ಉಳಿಸುವುದರಿಂದಲೇ ಕಥೆ ಹೊರಡುತ್ತದೆ. ಆದರೆ ಆ ಮೂವರು ಅಲ್ಲಿಗೆ ಹೇಗೆ ಬಂದರೆಂಬುದನ್ನು ಸಾವಧಾನವಾಗಿ ಹೇಳಿದ್ದಾರೆ. ರಾಕ್ ಕ್ರಿನ್ ಮ್ಯಾಗ್ನೋಬಾಲ್ ಎಂಬ ಆಟದ ತಾರೆ, ಅವನ ದುಡಿಮೆಯನ್ನು ವ್ಯವಸ್ಥಾಪಕ ತಿನ್ನುತ್ತಿದ್ದಾನೆ. ಗಾರ್ತ್ ರ್‍ಯಾಂಜ್ (ಮೊದಲ ಲೀಜನ್ನಿನ ಲೈಟ್ನಿಂಗ್ ಲ್ಯಾಡ್) ಅಣ್ಣನನ್ನು ಹುಡುಕುತ್ತ ಮನೆಬಿಟ್ಟು ಬಂದವನು. ಇಮ್ರಾ ಆರ್ಡೀನ್ (ಸ್ಯಾಟರ್ನ್ ಗರ್ಲ್) ಪೊಲೀಸ್ ಕೆಲಸಕ್ಕೆ ಸೇರಲು ಹೊರಟವಳು. ಸಂಯುಕ್ತ ಗ್ರಹಗಳ ಸರಕಾರ ಈ ತಂಡವನ್ನು ತನ್ನದಾಗಿಸಿಕೊಂಡು, ಒಂದೊಂದು ಗ್ರಹದಿಂದ ಒಬ್ಬೊಬ್ಬರನ್ನು ನೇಮಿಸತೊಡಗುತ್ತದೆ. ಹೀಗಾಗಿ ಇಲ್ಲಿ ತಾನಾಗಿ ಬಾಗಿಲು ತಟ್ಟಿದವರ ಜತೆಗೆ ಆದೇಶದ ಮೇಲೆ ಬಂದವರೂ ಇದ್ದಾರೆ, ಬರಲು ಮನಸ್ಸೇ ಇಲ್ಲದವರೂ ಇದ್ದಾರೆ, ಅನ್ಯಗ್ರಹದವರ ಮೇಲಿನ ದ್ವೇಷವನ್ನು ಮನೆಯಿಂದಲೇ ಕಲಿತು ಬಂದ ಆಂಡ್ರೋಮೀಡಾಳಂಥವರೂ ಇದ್ದಾರೆ. ಜೊತೆಗಿದ್ದೇ ಜೊತೆಗಾರರಾಗುವ ಈ ನಿಧಾನದ ಬೆಳವಣಿಗೆ ಮಾರ್ಕ್ ವೇಡ್, ಟಾಮ್ ಮೆಕ್ರಾ, ಟಾಮ್ ಪೈಯರ್ ಮೊದಲಾದವರ ಬರವಣಿಗೆಯ ಬಲ. ಜೆಫ್ ಮಾಯ್ ಚಿತ್ರಿಸಿದ ಮುಖಗಳು ದುಂಡಗೆ, ಹೊಳಪಿನ ಕಣ್ಣಿನವು. ಒಂದೊಂದು ಮುಖವನ್ನೂ ಹೆಸರಿಲ್ಲದೆ ಗುರುತಿಸಬಹುದು. ಇಪ್ಪತ್ತು ಪಾತ್ರಗಳ ಕಥೆಯಲ್ಲಿ ಇದು ಸಣ್ಣ ಗುಣವಲ್ಲ.

ಓದುವ ಕ್ರಮದಲ್ಲಿ ಮಾತ್ರ ಎಚ್ಚರ ಬೇಕು. ಆಗ ‘ಲೀಜನ್ ಆಫ್ ಸೂಪರ್ ಹೀರೋಸ್’ ಮತ್ತು ‘ಲೀಜನೇರ್ಸ್’ ಎಂಬ ಎರಡು ಪತ್ರಿಕೆಗಳು ಹೊರಡುತ್ತಿದ್ದು, ಕಥೆ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಹರಿಯುತ್ತಿತ್ತು. ವರ್ಷಗಳ ಹಿಂದೆ ಹಳೆಯ ಪುಸ್ತಕದಂಗಡಿಯೊಂದರಲ್ಲಿ ನನಗೆ ಸಿಕ್ಕಿದ್ದು ಒಂದರ ಬಿಡಿ ಸಂಚಿಕೆಗಳು ಮಾತ್ರ. ಅವನ್ನಷ್ಟೇ ಸಾಲಾಗಿ ಓದಿ, ಸತ್ತವರು ಯಾವಾಗ ಸತ್ತರು, ಹೊಸಬರು ಎಲ್ಲಿಂದ ಬಂದರು ಎಂದು ತಿಳಿಯದೆ ಈ ಲೀಜನ್ನೇ ಅಸಂಬದ್ಧವೆಂದು ತೀರ್ಮಾನಿಸಿ ಬದಿಗಿಟ್ಟಿದ್ದೆ. ಈ ಸಲ ಎರಡನ್ನೂ ಹೆಣೆದು ಓದಿದಾಗ ಆ ತೀರ್ಮಾನ ತಪ್ಪಾಗಿತ್ತೆಂದು ತಿಳಿಯಿತು.

ಮೂರನೆಯದು ಮಾರ್ಕ್ ವೇಡ್ ಮತ್ತು ಚಿತ್ರಕಾರ ಬ್ಯಾರಿ ಕಿಟ್ಸನ್ ಕಟ್ಟಿದ 2005ರ ಲೀಜನ್. ಯುದ್ಧವಿಲ್ಲದ, ಕೊರತೆಯಿಲ್ಲದ, ಅತಿಯಾಗಿ ಅಚ್ಚುಕಟ್ಟಾದ ಲೋಕ. ಹದಿನೆಂಟು ತುಂಬದ ಪ್ರತಿಯೊಬ್ಬರ ಮೇಲೂ ಕಣ್ಣಿಡುವ ವ್ಯವಸ್ಥೆ. ಅದಕ್ಕೆ ಎದುರಾಗಿ ಎದ್ದ ಯುವಜನರ ಚಳವಳಿಯೇ ಲೀಜನ್. ಕೇಂದ್ರ ಕಚೇರಿಯ ಒಳಗೆ ಸದಸ್ಯರು, ಹೊರಗೆ ಬೀದಿಯಲ್ಲೇ ಬೀಡುಬಿಟ್ಟ ಬೆಂಬಲಿಗರು. ಹಿರಿಯರತ್ತ ಎಸೆಯುವ ತಿರಸ್ಕಾರದ ಮಾತೇ ಅವರ ಘೋಷಣೆ. ಕಲ್ಪನೆಯ ಹೊಳಪಿನಲ್ಲಿ ಮೂರರಲ್ಲಿ ಇದೇ ಮೇಲು. ಬೆಳೆದು ದೈತ್ಯನಾಗುವ ಕೊಲೊಸಲ್ ಬಾಯ್ ಇಲ್ಲಿ ಹುಟ್ಟಿನಿಂದಲೇ ದೈತ್ಯರ ಕುಲದವನು. ನಮ್ಮಷ್ಟು ಎತ್ತರಕ್ಕೆ ಕುಗ್ಗುವುದೇ ಅವನ ಶಕ್ತಿ, ಆದ್ದರಿಂದ ತನ್ನನ್ನು ಮೈಕ್ರೋ ಲ್ಯಾಡ್ ಎಂದು ಕರೆಯಬೇಕೆಂಬುದು ಅವನ ಬೇಡಿಕೆ. ಸ್ಟಾರ್ ಬಾಯ್ ಇಲ್ಲಿ ಕಪ್ಪು ಹುಡುಗ, ಅದಕ್ಕೆ ಯಾವ ವಿವರಣೆಯೂ ಇಲ್ಲ, ಇರಬೇಕಾದದ್ದೂ ಹಾಗೆಯೇ.

ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ನೆರವಾದವಳು ಕಾರ್ಗ್ ಗ್ರಹದ ಲುಆರ್ನು, ಮೂರು ದೇಹಗಳಾಗಿ ಒಡೆಯಬಲ್ಲ ಟ್ರಿಪ್ಲಿಕೇಟ್ ಗರ್ಲ್. 1966ರಲ್ಲಿ ಕಂಪ್ಯೂಟೋ ಎಂಬ ಯಂತ್ರ ಅವಳ ಒಂದು ದೇಹವನ್ನು ಕೊಲ್ಲುತ್ತದೆ. ಉಳಿದ ಎರಡರೊಂದಿಗೆ ಡ್ಯುಯೋ ಡ್ಯಾಮ್ಸೆಲ್ ಎಂದು ಹೆಸರು ಬದಲಿಸಿಕೊಂಡು ಅವಳು ಕೆಲಸಕ್ಕೆ ಮರಳುತ್ತಾಳೆ. ಮೂರನೆಯ ಒಂದು ಪಾಲು ಸತ್ತವಳ ದುಃಖ ಎಂಥದ್ದೆಂದು ಕೇಳಲು ಆ ಕಾಲದ ಕಥೆಗೆ ಪುರುಸೊತ್ತಿಲ್ಲ. 1994ರಲ್ಲಿ ಅವಳು ಟ್ರಯಾಡ್. ಮೂರು ದೇಹಗಳಿಗೆ ಮೂರು ಸ್ವಭಾವ: ಒಬ್ಬಳು ನಾಚುವವಳು, ಒಬ್ಬಳು ಮುನ್ನುಗ್ಗುವವಳು, ಒಬ್ಬಳು ಇಬ್ಬರನ್ನೂ ಸಂಭಾಳಿಸುವವಳು; ಅವಳ ಗ್ರಹದವರ ಕಣ್ಣಿಗೆ ಅದೇ ಒಂದು ರೋಗ. 2005ರಲ್ಲಿ ಅವಳು ತನ್ನ ಗ್ರಹದಲ್ಲಿ ಬದುಕುಳಿದ ಒಬ್ಬಳೇ ಒಬ್ಬಳು. ಒಂಟಿತನ ತಾಳಲಾರದೆ ತನ್ನನ್ನೇ ಮತ್ತೆ ಮತ್ತೆ ಒಡೆದುಕೊಂಡು ಇಡೀ ಗ್ರಹವನ್ನು ತುಂಬಿದವಳು, ಅದರಲ್ಲಿ ಮೂವರನ್ನು ಹೊರಲೋಕಕ್ಕೆ ಕಳುಹಿಸಿದವಳು. ಅತ್ಯಂತ ಬೆರಗಿನ ಕಲ್ಪನೆ ಕೊನೆಯದು. ಆದರೆ ಅಕ್ಕನ ಮಗಳು ತನ್ನವಳೆಂದು ಗುರುತಿಸಿಕೊಂಡದ್ದು ಟ್ರಯಾಡ್‌ಳನ್ನು. “ಮನೆಯಲ್ಲಿ ಒಬ್ಬಳು, ಕ್ಲಾಸಿನಲ್ಲಿ ಒಬ್ಬಳು, ಫ್ರೆಂಡ್ಸ್ ಜೊತೆ ಇನ್ನೊಬ್ಬಳು; ಇದರಲ್ಲಿ ರೋಗ ಏನು ಬಂತು?” ಎಂದಳು.

2005ರ ಲೀಜನ್ನಿನ ದೋಷ ಅದರ ದೊಡ್ಡವರಲ್ಲಿದೆ. ಮಕ್ಕಳ ದಂಗೆಗೆ ಬೆಲೆ ಬರಬೇಕಾದರೆ ಎದುರಿಗಿರುವ ಹಿರಿಯರ ಮಾತಿನಲ್ಲೂ ಒಂದಷ್ಟು ತೂಕವಿರಬೇಕು. ಇಲ್ಲಿ ಬಹುಪಾಲು ಹಿರಿಯರು ಅಡ್ಡಗೋಡೆಗಳಷ್ಟೇ. 30ನೆಯ ಸಂಚಿಕೆಯ ನಂತರ ವೇಡ್ ಮತ್ತು ಕಿಟ್ಸನ್ ಇಬ್ಬರೂ ಬಿಟ್ಟುಹೋದ ಮೇಲೆ ಕಥೆಯ ಹುರುಪೂ ಇಳಿಯಿತು. 37ನೆಯ ಸಂಚಿಕೆಯಿಂದ, ಐವತ್ತು ದಾಟಿದ ಜಿಮ್ ಶೂಟರ್ ಮತ್ತೆ ಲೀಜನ್ ಬರೆಯಲು ಬಂದರೆಂಬುದು ಸಂತೋಷದ ಸಂಗತಿಯೇ ಆದರೂ, 2009ರಲ್ಲಿ 50ನೆಯ ಸಂಚಿಕೆಗೆ ಪತ್ರಿಕೆ ನಿಂತುಹೋಯಿತು. 2019ರಲ್ಲಿ ಬ್ರಯನ್ ಮೈಕಲ್ ಬೆಂಡಿಸ್ ಮತ್ತು ರಯನ್ ಸೂಕ್ ಮತ್ತೊಂದು ಲೀಜನ್ ಕಟ್ಟಿದರು. ಸೂಕ್ ಅವರ ಚಿತ್ರಗಳು ಸೊಗಸಾಗಿವೆ, ಆದರೆ ಹನ್ನೆರಡು ಸಂಚಿಕೆಗಳಲ್ಲಿ ಅಷ್ಟೊಂದು ಪಾತ್ರಗಳು ನುಗ್ಗಿದ್ದರಿಂದ ಯಾರೊಬ್ಬರೂ ನನ್ನಲ್ಲಿ ನಿಲ್ಲಲಿಲ್ಲ. 1982ರಲ್ಲಿ ಪಾಲ್ ಲೆವಿಟ್ಜ್ ಬರೆದು ಕೀತ್ ಗಿಫೆನ್ ಚಿತ್ರಿಸಿದ, ಡಾರ್ಕ್‌ಸೈಡ್ ಎಂಬ ಖಳನ ಕಥೆಯನ್ನು ಹಲವರು ಲೀಜನ್ನಿನ ಶಿಖರವೆನ್ನುತ್ತಾರೆ, ನನಗೂ ಅದು ಪ್ರಿಯವೇ; ಆದರೆ ಆ ಹೊತ್ತಿಗೆ ಇವರಲ್ಲಿ ಕೆಲವರಿಗೆ ಮದುವೆಯೂ ಆಗಿತ್ತು, ಆದ್ದರಿಂದ ಈ ಹೋಲಿಕೆಗೆ ಅದನ್ನು ಎಳೆತರಲಿಲ್ಲ.

ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ನಾನು ಇಟ್ಟುಕೊಳ್ಳುವುದು ಮೊದಲನೆಯದನ್ನು, ಅದರ ಬಿಗಿದ ಚಿತ್ರಗಳು, ಅವಸರದ ಮಾತು, ಕಪ್ಪು ಜನರಿಲ್ಲದ ಭೂಮಿ, ಈ ಎಲ್ಲ ಕುಂದುಗಳ ಅರಿವಿದ್ದೇ. ನೇಮಕದ ಲೀಜನ್‌ಗೆ ಸರಕಾರ ಬೇಕು, ದಂಗೆಯ ಲೀಜನ್‌ಗೆ ಶತ್ರುಗಳಾಗಿ ಹಿರಿಯರು ಬೇಕು. ಕ್ಲಬ್ಬಿನ ಲೀಜನ್‌ಗೆ ದೊಡ್ಡವರ ಅಪ್ಪಣೆಯೂ ಬೇಡ, ಅವರ ಮೇಲಿನ ಸಿಟ್ಟೂ ಬೇಡ. ಆದರೆ ಹೊಸ ಓದುಗರ ಕೈಗೆ ಮೊದಲು ಕೊಡುವುದು 1994ರದ್ದನ್ನು: ಎರಡೂ ಪತ್ರಿಕೆಗಳ ಸೊನ್ನೆಯ ಸಂಚಿಕೆಗಳಿಂದ ಹಿಡಿದು, ಒಂದಾದ ಮೇಲೊಂದರಂತೆ ಮೊದಲ ಒಂದು ವರ್ಷದಷ್ಟು. ಆ ಹೊತ್ತಿಗೆ ಹೆಸರು, ಗ್ರಹ, ಶಕ್ತಿಗಳು ಮನಸ್ಸಿನಲ್ಲಿ ಕುಳಿತಿರುತ್ತವೆ. ಅಲ್ಲಿಂದ ಹಿಂದಕ್ಕೆ ಹೋಗಿ ‘ಅಡ್ವೆಂಚರ್ ಕಾಮಿಕ್ಸ್’ನ 304, 312, 342, ಆಮೇಲೆ 346ರಿಂದ 353ರವರೆಗೆ. ಊರಿಗೆ ಹೊರಟಾಗ ಅಕ್ಕನ ಮಗಳ ಚೀಲದಲ್ಲಿದ್ದದ್ದು ಈ ಕೊನೆಯ ಕಟ್ಟು.