ಡಾಂಗಲ್, ಎಕ್ಸ್‌ಟೆಂಡರ್, ಕೇಬಲ್: ಮೂರಕ್ಕೂ ದುಡ್ಡು ಸುರಿದವನ ಹೋಲಿಕೆ

ರೂಟರಿನಿಂದ ದೂರವಿರುವ ಕಂಪ್ಯೂಟರಿಗೆ ಇಂಟರ್ನೆಟ್ ತಲುಪಿಸಲು ಮೂರು ದಾರಿ ಹಿಡಿದು ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನಾನೀಗ ಕೇಬಲ್ ಪಕ್ಷದವನು. ಹದಿನೈದು ಮೀಟರ್ ಉದ್ದದ ಕ್ಯಾಟ್ 5ಇ ದರ್ಜೆಯ ನೆಟ್‌ವರ್ಕ್ ಕೇಬಲ್ ರೂಟರಿನಿಂದ ಗೋಡೆಯಂಚಿನಲ್ಲಿ ಸಾಗಿ, ಬಾಗಿಲ ಚೌಕಟ್ಟು ಹತ್ತಿಳಿದು ನನ್ನ ಕಂಪ್ಯೂಟರ್ ಸೇರಿದೆ. ಆದರೆ ಅದನ್ನು ಕೊಂಡಿದ್ದು ಕೊನೆಗೆ.

ಮನೆಯದು 100 ಎಂಬಿಪಿಎಸ್ ಸಂಪರ್ಕ. ರೂಟರ್ ಪಕ್ಕ ನಿಂತರೆ ಮೊಬೈಲಿನಲ್ಲಿ 90ರ ಮೇಲೆ. ಎರಡು ಗೋಡೆ ಆಚೆಯ ಕಂಪ್ಯೂಟರಿನಲ್ಲಿ 8 ಬಂದರೆ ಪುಣ್ಯ. ಇಷ್ಟು ನೋಡಿದರೆ ಸಾಕು, ತಪ್ಪು ಹೊರಗಿನ ಲೈನಿನದಲ್ಲ, ಮನೆಯೊಳಗಿನ ವೈಫೈನದು ಎಂದು ಗೊತ್ತಾಗುತ್ತದೆ. ನಾನು ಇದನ್ನು ನೋಡಿದ್ದು ಸಂಪರ್ಕ ಕೊಟ್ಟವರ ಜೊತೆ ಫೋನಿನಲ್ಲಿ ಜಗಳ ಮುಗಿಸಿದ ಮೇಲೆ.

ಮೊದಲು ಕೊಂಡಿದ್ದು ವೈಫೈ ಹಿಡಿಯುವ, ಉಗುರಿನಷ್ಟು ದೊಡ್ಡ ಯುಎಸ್‌ಬಿ ಡಾಂಗಲ್. ಕಂಪ್ಯೂಟರಿನ ಹಿಂದಿನ ನೀಲಿ ಯುಎಸ್‌ಬಿ 3.0 ಪೋರ್ಟಿಗೆ ಚುಚ್ಚಿದೆ, 38 ಬಂತು. ಗೆದ್ದೆ ಅಂದುಕೊಂಡೆ. ಮಾರನೇ ದಿನ 5. ಅದರ ಮಾರನೇ ದಿನ ಮತ್ತೆ ಸರಿ. ಡ್ರೈವರ್ ಬದಲಿಸಿದೆ, ರೂಟರಿನ ಚಾನೆಲ್ಲನ್ನು (ಅದು ಬಳಸುವ ರೇಡಿಯೋ ಪಟ್ಟಿಯನ್ನು) 6ರಿಂದ 11ಕ್ಕೆ ಹಾಕಿದೆ, ರೂಟರನ್ನು ಎಷ್ಟು ಸಲ ಆರಿಸಿ ಹಚ್ಚಿದೆನೋ ಲೆಕ್ಕವಿಲ್ಲ. ಅದರ ಪಾಡಿಗೆ ಅದು ಬರುತ್ತಿತ್ತು, ಹೋಗುತ್ತಿತ್ತು.

ಒಂದು ವಾರ ಒದ್ದಾಡಿದ ಮೇಲೆ ಹೊಳೆಯಿತು: ಫೋಟೋ ಬ್ಯಾಕಪ್‌ಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿದ ದಿನವೇ ವೇಗ ಸಾಯುತ್ತಿದೆ. ಡಿಸ್ಕ್ ಇದ್ದದ್ದು ಡಾಂಗಲ್ ಪಕ್ಕದ ಪೋರ್ಟಿನಲ್ಲೇ. ರೂಟರಿಗೆ ಪಿಂಗ್ (ಹೋಗಿ ಬರಲು ಎಷ್ಟು ಹೊತ್ತು ಎಂದು ಅಳೆಯುವ ಪುಟ್ಟ ಸಂದೇಶ) ಓಡಲು ಬಿಟ್ಟು ಡಿಸ್ಕ್ ಕಿತ್ತೆ. ಅಲ್ಲಿಯವರೆಗೆ 400, 600 ಮಿಲಿಸೆಕೆಂಡ್ ಎಂದು ಏದುಸಿರು ಬಿಡುತ್ತಿದ್ದ ಸಾಲುಗಳು 3, 4ಕ್ಕೆ ಇಳಿದವು. ಮತ್ತೆ ಚುಚ್ಚಿದೆ, ಮತ್ತೆ ಏರಿದವು. ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಅದೇ ಕಥೆ.

ಯುಎಸ್‌ಬಿ 3.0 ಕೆಲಸ ಮಾಡುವಾಗ ಅದರ ವೈರು, ಕನೆಕ್ಟರುಗಳಿಂದ ಸೋರುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಆಸುಪಾಸಿಗೂ ಹರಡುತ್ತದೆ. ಡಾಂಗಲ್ ಕಿವಿಗೊಟ್ಟು ಕೂತಿರುವುದು ಅಲ್ಲೇ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಬರೆದಿಟ್ಟಿದೆ. ನನ್ನ ಡಾಂಗಲಿನ ಡಬ್ಬದ ಮೇಲೆ ಮಾತ್ರ ಒಂದಕ್ಷರವಿಲ್ಲ. ಕೊನೆಗೆ ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರು ತಂದು, ಮುಂದಿನ ಕಪ್ಪು 2.0 ಪೋರ್ಟಿಗೆ ಹಾಕಿ, ಡಾಂಗಲನ್ನು ಪುಸ್ತಕದ ಕಪಾಟಿನ ಮೇಲೆ ಕೂರಿಸಿದೆ. ಕಾಟ ತಪ್ಪಿತು. ಆದರೆ 40 ದಾಟಲಿಲ್ಲ. ಡಬ್ಬದ ಮೇಲೆ ಬರೆದ 150 ಎಂಬಿಪಿಎಸ್ ಸಿಗಬೇಕಾದರೆ 40 ಮೆಗಾಹರ್ಟ್ಸ್ ಅಗಲದ ಚಾನೆಲ್ ಬೇಕು. ಸುತ್ತ ಹತ್ತು ವೈಫೈ ಇರುವಲ್ಲಿ ರೂಟರ್ 20ಕ್ಕೇ ಇಳಿಯುತ್ತದೆ; ಆಗ ಒಂಟಿ ಆಂಟೆನಾದ ಡಾಂಗಲಿಗೆ ಲಿಂಕ್ ವೇಗವೇ (ರೂಟರಿನ ಜೊತೆ ಕುದುರುವ ಗರಿಷ್ಠ ವೇಗ) 72, ಕೈಗೆ ಸಿಗುವುದು ಅದರ ಅರ್ಧದ ಸುಮಾರು.

ಎಕ್ಸ್‌ಟೆಂಡರ್, ಅಂದರೆ ರೂಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ಸಾರುವ ಪೆಟ್ಟಿಗೆ, ಹಾಕಿದಾಗ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿ ನಿಂತವು, ವೇಗ ಮಾತ್ರ 20. ಒಂದೇ ಬ್ಯಾಂಡಿನದು (ಒಂದೇ ರೇಡಿಯೋ ಶ್ರೇಣಿಯದು), ಕೇಳಿಸಿಕೊಂಡದ್ದನ್ನು ಅದೇ ಚಾನೆಲ್ಲಿನಲ್ಲಿ ಮತ್ತೆ ಕೂಗಬೇಕು, ಅರ್ಧ ಹೊತ್ತು ಅದಕ್ಕೇ ಖರ್ಚು. ಮೇಲಾಗಿ ನಾನು ಅದನ್ನು ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟಿದ್ದೆ. ಅಲ್ಲಿಗೆ ಬರುವುದೇ ಬಡಕಲು ಸಿಗ್ನಲ್, ಅದನ್ನೇ ಅದು ಜೋರಾಗಿ ಹೇಳುತ್ತಿತ್ತು. ನಡುದಾರಿಗೆ ತಂದ ಮೇಲೆ 30 ಬಂತು.

ಕೇಬಲ್: 94. ಬೆಳಿಗ್ಗೆ, ರಾತ್ರಿ, ಡಿಸ್ಕ್ ಇದ್ದರೂ ಇಲ್ಲದಿದ್ದರೂ 94. ಒಂದೇ ತಕರಾರು, ಲಿಂಕ್ ವೇಗ 1000 ತೋರಿಸಬೇಕಾದಲ್ಲಿ 100 ತೋರಿಸುತ್ತಿತ್ತು. ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ನಾಲ್ಕು ಜೋಡಿ ತಂತಿಯೂ ಕಚ್ಚಬೇಕು, 100ಕ್ಕೆ ಎರಡು ಸಾಕು. ತುದಿಯ ಪ್ಲಗ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿಸಿದೆ, ಸರಿಹೋಯಿತು.

ನನ್ನ ಕಂಪ್ಯೂಟರ್ ಜಾಗ ಬಿಟ್ಟು ಕದಲುವುದಿಲ್ಲ, ದಿನಕ್ಕೆ ಮೂರು ವಿಡಿಯೋ ಕಾಲ್ ಇರುತ್ತವೆ, ಮೂರರಲ್ಲಿ ಅಗ್ಗವಾಗಿ ಸಿಕ್ಕಿದ್ದೂ ಕೇಬಲ್ಲೇ. ಲ್ಯಾಪ್‌ಟಾಪ್ ಹಿಡಿದು ಮನೆಯೆಲ್ಲ ಓಡಾಡುವವರು ಬೇಕಾದರೆ ಎರಡು ಬ್ಯಾಂಡಿನ ಎಕ್ಸ್‌ಟೆಂಡರ್ ನೋಡಲಿ. ಬಾಗಿಲ ಹತ್ತಿರ ಕೇಬಲ್ ಕಾಣುತ್ತದೆ ಎಂದು ಮನೆಯವರು ಇನ್ನೂ ಗೊಣಗುತ್ತಾರೆ. ಡಾಂಗಲ್ ಮೇಜಿನ ಡ್ರಾಯರಿನಲ್ಲಿದೆ, ಎಕ್ಸ್‌ಟೆನ್ಷನ್ ವೈರಿನ ಸಮೇತ.